ಮೆಣಸಿನಕಾಯಿ ತಿಂದ್ರೆ ಗಿಣಿ ಮಾತಾಡುತ್ತಾ?

ಸಾಕು ಗಿಣಿಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ತಿಂಗಳು ಇದೇ ಅಂಕಣದಲ್ಲಿ ಹೇಳಿದ್ದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳನ್ನು ನೋಡಿದರೆ ಪ್ರತಿ ಓಣಿಗೂ ಒಂದು ಪಂಜರ ಇದೆ ಅನಿಸುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಡಾಕ್ಟರ್ ಅಲ್ಲ. ಧಾರವಾಡದಲ್ಲಿ ಇಪ್ಪತ್ತು ವರ್ಷದಿಂದ ಹಕ್ಕಿ ಸಾಕುತ್ತಿರುವವನು, ಅಷ್ಟೇ. ತಪ್ಪುಗಳನ್ನೂ ಮಾಡಿದ್ದೇನೆ. ಅದರಲ್ಲಿ ಒಂದು ಕೆಳಗೆ ಬರುತ್ತದೆ.

ಪ್ರಶ್ನೆ: ಮೂರು ತಿಂಗಳ ಹಿಂದೆ ಒಂದು ಜೋಡಿ ಲವ್ ಬರ್ಡ್ಸ್ ತಂದೆವು. ಇನ್ನೂ ಒಂದು ಮಾತೂ ಆಡಿಲ್ಲ. ಹಸಿಮೆಣಸಿನಕಾಯಿ ಹಾಕಿದರೆ ಬೇಗ ಮಾತು ಬರುತ್ತದೆ ಅಂತ ನಮ್ಮ ಮಾವ ಹೇಳುತ್ತಾರೆ. ಬಜೆ ತೇದು ನಾಲಿಗೆಗೆ ಹಚ್ಚಿ ಅಂತ ಪಕ್ಕದ ಮನೆಯವರು. ಯಾವುದು ಸರಿ? — ಓದುಗರು, ಬ್ಯಾಡಗಿ

ಬ್ಯಾಡಗಿಯವರು ಮೆಣಸಿನಕಾಯಿ ಬಗ್ಗೆ ನನ್ನನ್ನು ಕೇಳುವುದಾ! ಎರಡೂ ಸರಿ ಅಲ್ಲ. ಮೆಣಸಿನಕಾಯಿ ಹಾಕಿದರೆ ತಪ್ಪೇನಿಲ್ಲ, ಒಳ್ಳೆಯದೇ. ಖಾರ ಅನ್ನುವುದು ನಮಗೆ, ಹಕ್ಕಿಗಲ್ಲ. ನಮ್ಮ ಬಾಯಿ ಉರಿಸುವ ಆ ಅಂಶ ಹಕ್ಕಿಗಳ ನರಕ್ಕೆ ನಾಟುವುದೇ ಇಲ್ಲ, ಅದಕ್ಕೇ ಅವು ಗುಂಟೂರು ಕಾಯಿಯನ್ನೂ ಸೌತೆಕಾಯಿ ತಿಂದ ಹಾಗೆ ತಿನ್ನುತ್ತವೆ. ಅದಕ್ಕೂ ಮಾತಿಗೂ ಸಂಬಂಧ ಇಲ್ಲ. ಬಜೆ ಮಾತ್ರ ಬೇಡವೇ ಬೇಡ. ಹಕ್ಕಿಗೆ ಸ್ವರ ಹುಟ್ಟುವುದು ನಾಲಿಗೆಯಲ್ಲಿ ಅಲ್ಲ, ಎದೆಯೊಳಗೆ ಉಸಿರಿನ ಕೊಳವೆ ಎರಡಾಗಿ ಒಡೆಯುವ ಜಾಗದಲ್ಲಿ. ನಾಲಿಗೆ ಆ ಸ್ವರವನ್ನು ಒಂಚೂರು ತಿದ್ದುತ್ತದೆ, ಅಷ್ಟೇ.

ಇನ್ನು ನಿಮ್ಮ ಹತ್ತಿರ ಇರುವುದು ಯಾವ ಹಕ್ಕಿ ಅಂತ ಮೊದಲು ನೋಡಿಕೊಳ್ಳಿ. ನಮ್ಮ ಕಡೆ ಅಂಗಡಿಗಳಲ್ಲಿ ಲವ್ ಬರ್ಡ್ಸ್ ಅಂತ ಕೊಡುವುದು ಹೆಚ್ಚಾಗಿ ಆಸ್ಟ್ರೇಲಿಯಾ ಮೂಲದ ಬಡ್ಜಿ. (ಮಿರ್ಚಿ ಭಜಿ ಅಲ್ಲ, ಬಡ್ಜಿ.) ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಗುಂಡಗೆ ಇರುತ್ತದೆ, ಬಾಲ ಗಿಡ್ಡ, ಅದು ಮಾತಾಡುವುದು ಬಲು ಅಪರೂಪ. ಬಡ್ಜಿಯಲ್ಲಿ ಗಂಡು ಮಾತು ಕಲಿಯುತ್ತದೆ. ದೊಡ್ಡದಾದ ಮೇಲೆ ಕೊಕ್ಕಿನ ಬುಡ ನೀಲಿ ಇದ್ದರೆ ಸಾಮಾನ್ಯವಾಗಿ ಗಂಡು, ಕಂದು ಬಣ್ಣ ಇದ್ದರೆ ಹೆಣ್ಣು. ಆದರೆ ಜೋಡಿಯಾಗಿ ಇಟ್ಟಿದ್ದೀರಿ. ಅವಕ್ಕೆ ಅವುಗಳದ್ದೇ ಭಾಷೆಯಲ್ಲಿ ಮಾತಾಡಲು ಜೊತೆ ಸಿಕ್ಕಿದೆ, ನಿಮ್ಮ ಕನ್ನಡ ಯಾಕೆ ಬೇಕು? ಹಾಗಂತ ಮಾತಿನ ಆಸೆಗೆ ಜೋಡಿ ಒಡೆಯಬೇಡಿ.

ಪ್ರಶ್ನೆ: ಎಂಟು ವರ್ಷದಿಂದ ನಮ್ಮ ಮನೆಯಲ್ಲಿ ಒಂದು ಹಸಿರು ಗಿಣಿ ಇದೆ, ಕೊರಳಲ್ಲಿ ಕೆಂಪು ಪಟ್ಟಿ ಇರೋದು. ಸಂತೆಯಲ್ಲಿ ಮರಿ ಇದ್ದಾಗ ಕೊಂಡದ್ದು. ಮನೆ ಮಗನ ಹಾಗೆ ನೋಡಿಕೊಳ್ಳುತ್ತೇವೆ. ಪಂಜರದಿಂದ ಹೊರಗೆ ಬಿಟ್ಟರೂ ತಿರುಗಿ ಬರುತ್ತದೆ. ಈಗ ಯಾರೋ ಇದು ಅಪರಾಧ ಅಂದರು. ಹೌದಾ? ಹಾಗಿದ್ದರೆ ಉಣಕಲ್ ಕೆರೆ ಹತ್ತಿರ ಬಿಟ್ಟು ಬಂದರೆ ಆಯಿತಾ? — ಓದುಗರು, ಹುಬ್ಬಳ್ಳಿ

ಹೌದು, ಅಪರಾಧವೇ. ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥ ಇಲ್ಲ.

ನಮ್ಮ ದೇಶದ ಗಿಣಿಗಳನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಈ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಈಗ ನಿಮ್ಮ ಗಿಣಿ ಅದರ ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿ, ಅಂದರೆ ಎರಡನೇ ಶೆಡ್ಯೂಲ್‌ನಲ್ಲಿದೆ. 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲಾ ಎರಡೂ ಆಗಬಹುದು. ಬಸ್ ಸ್ಟ್ಯಾಂಡ್ ಹತ್ತಿರ ಕಾರ್ಡ್ ಎತ್ತಿಸಿ ಭವಿಷ್ಯ ಹೇಳುವ ಗಿಣಿಶಾಸ್ತ್ರದವರ ಗಿಣಿಯೂ ಇದೇ ಜಾತಿ, ಅವರಿಗೂ ಇದೇ ಕಾಯ್ದೆ.

"ಅಷ್ಟೊಂದು ಇವೆಯಲ್ಲ, ಒಂದು ಸಾಕಿದರೆ ಏನಾಯಿತು" ಅನ್ನುವವರು ಬಹಳ. ನವಲಗುಂದ, ರೋಣದ ಕಡೆ ಸೂರ್ಯಕಾಂತಿ, ಜೋಳದ ಹೊಲಕ್ಕೆ ಹಿಂಡುಗಟ್ಟಲೆ ಇಳಿಯುವಾಗ ಡಬ್ಬಿ ಬಡಿದು ಓಡಿಸುತ್ತಾರಲ್ಲ, ಅವರಿಗೆ ಇದು ನಗೆಯ ಮಾತೇ. ಆದರೆ ಸಂತೆಗೆ ಬರುವ ಮರಿ ಹೊಲದಿಂದ ಬರುವುದಿಲ್ಲ. ಮರದ ಪೊಟರೆಯಿಂದ ಬರುತ್ತದೆ. ಚಳಿಗಾಲ ಕಳೆಯುವ ಹೊತ್ತಿಗೆ ಇವು ಮರಿ ಮಾಡುತ್ತವೆ. ಪುಕ್ಕ ಕೂಡ ಪೂರ್ತಿ ಬಂದಿರದ ಮರಿಗಳನ್ನು ಪೊಟರೆ ಒಡೆದು ತೆಗೆದು, ಬುಟ್ಟಿಯಲ್ಲಿ ಒಂದರ ಮೇಲೊಂದು ತುಂಬಿ ತರುತ್ತಾರೆ. ನಿಮ್ಮ ಕೈಗೆ ಬಂದದ್ದು ಆ ಬುಟ್ಟಿಯಲ್ಲಿ ಬದುಕಿ ಉಳಿದದ್ದು. ಒಮ್ಮೆ ಒಡೆದ ಪೊಟರೆ ಮುಂದಿನ ವರ್ಷ ಇನ್ನೊಂದು ಜೋಡಿಗೂ ಸಿಗುವುದಿಲ್ಲ.

ತಿರುಗಿ ಬರುತ್ತದೆ ಅಂದಿರಿ. ಎಲ್ಲಿಗೆ ಹೋಗಬೇಕು ಅದು? ಅದಕ್ಕೆ ಗೊತ್ತಿರುವ ಜಾಗ ನಿಮ್ಮ ಪಡಸಾಲೆ ಒಂದೇ. ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಊಟ ಎಲ್ಲಿದೆಯೋ ಅಲ್ಲಿಗೆ ಬರುವುದನ್ನೇ ನಾವು ಪ್ರೀತಿ ಅಂದುಕೊಳ್ಳುವುದು ಜಾಸ್ತಿ.

ಅದಕ್ಕೇ ಕೆರೆ ಹತ್ತಿರ ಬಿಟ್ಟು ಬರುವುದು ಇನ್ನೂ ದೊಡ್ಡ ತಪ್ಪು. ಎಂಟು ವರ್ಷ ತಟ್ಟೆಯಲ್ಲಿ ಉಂಡ ಹಕ್ಕಿಗೆ ಕಾಯಿ ಹುಡುಕುವುದು ಬರುವುದಿಲ್ಲ. ಹದ್ದು, ಬೆಕ್ಕು ಕಂಡರೆ ಹೆದರಬೇಕು ಅನ್ನುವುದೂ ಗೊತ್ತಿಲ್ಲ. ಮೈಯಲ್ಲಿ ರೋಗ ಇದ್ದರೆ ಕಾಡಿನ ಹಿಂಡಿಗೂ ಹಂಚುತ್ತದೆ. ಅರಣ್ಯ ಇಲಾಖೆಗೆ ತಿಳಿಸಿ, ಸಹಾಯವಾಣಿ 1926. ಇಲ್ಲವೇ ನಿಮ್ಮ ಹತ್ತಿರದ ವಲಯ ಅರಣ್ಯ ಕಚೇರಿಗೆ ಹೋಗಿ ನೀವಾಗಿಯೇ ಹೇಳಿ. ನೇರವಾಗಿ ಬಿಂಕದಕಟ್ಟಿ ಮೃಗಾಲಯಕ್ಕೆ ಒಯ್ದು ಗೇಟಿನ ಹತ್ತಿರ ಇಟ್ಟು ಬರುವುದು ಕೂಡ ಬೇಡ. ಮನೆಯವರಿಗೆ ಕಷ್ಟ ಆಗುತ್ತದೆ, ಗೊತ್ತು. ನಮ್ಮ ಅಜ್ಜಿ ಮನೆಯಲ್ಲೂ ಒಂದು ಮಿಠ್ಠು ಇತ್ತು, ತಿರುಗಲೂ ಆಗದಂಥ ಗುಂಡು ಪಂಜರದಲ್ಲಿ, ಬಾಗಿಲ ಮೇಲಿನ ಮೊಳೆಗೆ ತೂಗು ಹಾಕಿದ್ದರು. ಬಂದವರೆಲ್ಲ ಒಂದು ಬೆರಳು ಹಾಕಿ ಹೋಗುತ್ತಿದ್ದರು. ಅದು ಕಚ್ಚಿದರೆ "ಭಾಳ ಸಿಟ್ಟಿನದು" ಅಂತ ನಗುತ್ತಿದ್ದೆವು.

ಇದೇ ಪತ್ರದ ಕೊನೆಗೆ ಇನ್ನೊಂದು ಸಾಲು ಇದೆ. ಹಳದಿ, ನೀಲಿ ಬಣ್ಣದ ರಿಂಗ್‌ನೆಕ್ ಫಾರಿನ್ ಗಿಣಿ, ಅದಕ್ಕೆ ಕಾನೂನು ಇಲ್ಲ ಅಂತ ಅಂಗಡಿಯವನು ಹೇಳಿದನಂತೆ. ಬಣ್ಣ ಬೇರೆ, ಜಾತಿ ನಿಮ್ಮ ಕೆಂಪು ಪಟ್ಟಿಯ ಗಿಣಿಯದ್ದೇ. ಅವನ ಮಾತು ನಂಬಿ ಕೊಳ್ಳಬೇಡಿ. ನಿಜವಾಗಿ ಹೊರದೇಶದ ಗಿಣಿ ಅಂದರೆ ಬಡ್ಜಿ, ಕಾಕಟೀಲ್, ಆಫ್ರಿಕನ್ ಗ್ರೇ, ಸನ್ ಕಾನ್ಯೂರ್, ಮಕಾವ್ ಇಂಥವು. ಅವುಗಳಲ್ಲೂ ಗ್ರೇ, ಕಾನ್ಯೂರ್, ಮಕಾವ್ ಇದ್ದರೆ 2024ರ ನಿಯಮದ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಬಡ್ಜಿಗೂ ಕಾಕಟೀಲ್‌ಗೂ ಅದು ಬೇಕಿಲ್ಲ.

ಪ್ರಶ್ನೆ: ನಮ್ಮ ಕಾಕಟೀಲ್ ಸೂರ್ಯಕಾಂತಿ ಬೀಜ ಬಿಟ್ಟು ಬೇರೆ ಕಾಳು ಮುಟ್ಟುವುದಿಲ್ಲ. ಆದರೆ ಸಂಜೆ ನಾವು ಗಿರ್ಮಿಟ್ ತಿನ್ನುವಾಗ ಓಡಿ ಬರುತ್ತದೆ. ಬಸಿಯಲ್ಲಿ ಚಹಾ ಕುಡಿಯುತ್ತದೆ, ಪೇಡೆ ಅಂದರೆ ಪ್ರಾಣ. ಇಷ್ಟಪಟ್ಟು ತಿಂದದ್ದು ಮೈಗೆ ಒಗ್ಗುತ್ತದೆ ಅಲ್ವಾ? — ಓದುಗರು, ಧಾರವಾಡ

ಹಾಗಿದ್ದರೆ ನಮಗೂ ಪೇಡೆಯೇ ಊಟ ಆಗಬೇಕಿತ್ತು.

ಸೂರ್ಯಕಾಂತಿ ಬೀಜ ಸಿಪ್ಪೆ ಬಿಡಿಸಿದರೆ ಒಳಗೆ ಹೆಚ್ಚು ಕಡಿಮೆ ಅರ್ಧ ಎಣ್ಣೆಯೇ. ಹೊಲದಲ್ಲಿ ದಿನಕ್ಕೆ ಮೈಲಿಗಟ್ಟಲೆ ಹಾರುವ ಹಕ್ಕಿಗೆ ಅದು ನಡೆಯುತ್ತದೆ. ಪಂಜರದಲ್ಲಿ ಕೂತಿರುವ ಹಕ್ಕಿಗೆ ಲಿವರ್ ಕೊಬ್ಬುತ್ತದೆ. ಬರೀ ಬೀಜ ತಿನ್ನುವ ಗಿಣಿಗಳಿಗೆ ವಿಟಮಿನ್ ಎ ಸಾಲದೆ ಮೂಗು, ಬಾಯಿಯ ತೊಂದರೆ ಶುರುವಾಗುತ್ತದೆ. ಗಿರ್ಮಿಟ್‌ನಲ್ಲಿ ಉಪ್ಪು, ಎಣ್ಣೆ, ಉಳ್ಳಾಗಡ್ಡಿ ಮೂರೂ ಇವೆ, ಉಳ್ಳಾಗಡ್ಡಿ ಹಕ್ಕಿಗೆ ಕೆಟ್ಟದ್ದು. ಚಹಾ, ಕಾಫಿ, ಚಾಕೊಲೇಟ್ ಹೃದಯಕ್ಕೆ ಪೆಟ್ಟು. ಪೇಡೆಯ ಹಾಲಿನ ಸಕ್ಕರೆ ಅದಕ್ಕೆ ಜೀರ್ಣ ಆಗುವುದಿಲ್ಲ, ಹಕ್ಕಿ ಯಾವ ಕಾಲಕ್ಕೂ ಹಾಲು ಕುಡಿದು ಬೆಳೆದದ್ದಲ್ಲ. ಎಲ್ಲಕ್ಕಿಂತ ಅಪಾಯ ಬೆಣ್ಣೆಹಣ್ಣು. ಈಗ ಅದು ನಮ್ಮ ಪೇಟೆಗೂ ಬರುತ್ತಿದೆ. ಒಂದು ಚೂರೂ ಕೊಡಬೇಡಿ.

ಹಾಗಾದರೆ ಏನು ಕೊಡಬೇಕು? ಧಾರವಾಡದಲ್ಲಿ ಕೂತು ಇದನ್ನು ಕೇಳುತ್ತೀರಲ್ಲ! ನವಣೆ, ಸಜ್ಜೆ, ಹಸಿ ಜೋಳದ ತೆನೆ, ಮೊಳಕೆ ಬಂದ ಹೆಸರುಕಾಳು. ಮೆಂತ್ಯ, ನುಗ್ಗೆಸೊಪ್ಪು, ಸಂತೆಯಲ್ಲಿ ಸಿಗುವ ಹಕ್ಕರಕಿ. ಗಜ್ಜರಿ, ಕುಂಬಳ. ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆಯಿರಿ, ಔಷಧ ಹೊಡೆದಿರುತ್ತಾರೆ. ಆದರೆ ನಾಳೆಯಿಂದಲೇ ಬೀಜ ಬಂದ್ ಮಾಡಬೇಡಿ. ಹಟಕ್ಕೆ ಬಿದ್ದ ಹಕ್ಕಿ ಉಪವಾಸ ಬಿದ್ದು ಸತ್ತೇ ಹೋಗುತ್ತದೆ. ವಾರಕ್ಕೆ ಒಂದಿಷ್ಟು ಬೀಜ ಕಡಿಮೆ ಮಾಡುತ್ತಾ ಬನ್ನಿ. ಬೆಳಗ್ಗೆ ಹಸಿದಿರುವಾಗ ಮೊದಲು ಸೊಪ್ಪು ಇಡಿ. ಒದ್ದೆ ಮೆಂತ್ಯದ ಕಟ್ಟನ್ನು ಪಂಜರದ ಮೇಲ್ಗಡೆ ತಲೆಕೆಳಗಾಗಿ ನೇತು ಹಾಕಿದರೆ, ನಮ್ಮದು ಮೂರು ದಿನ ಬೆನ್ನು ತಿರುಗಿಸಿ ಕೂತು, ನಾಲ್ಕನೇ ದಿನ ಯಾರೂ ನೋಡುತ್ತಿಲ್ಲ ಅಂದುಕೊಂಡು ಒಂದು ಎಲೆ ಹರಿಯಿತು. ಅಡುಗೆಮನೆ ತಕ್ಕಡಿ ಇದ್ದರೆ ದಿನಾ ತೂಕ ನೋಡಿ. ಕಾಕಟೀಲ್ ಸುಮಾರು 80ರಿಂದ 100 ಗ್ರಾಂ ಇರುತ್ತದೆ. ಹತ್ತರಲ್ಲಿ ಒಂದು ಪಾಲು ಇಳಿದರೆ ಬೀಜ ಕಡಿಮೆ ಮಾಡುವುದನ್ನು ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಒಂದೇ ಬೆಳಗ್ಗೆ ನಾಲ್ಕು ಬಡ್ಜಿ ಸತ್ತವು. ರಾತ್ರಿ ಚೆನ್ನಾಗಿಯೇ ಇದ್ದವು. ಹಿಂದಿನ ದಿನ ಬಂದವರು ಬಹಳ ಹೊಗಳಿ ಹೋಗಿದ್ದರು. ದೃಷ್ಟಿ ತಾಗಿತು ಅನ್ನುತ್ತಾರೆ. — ಓದುಗರು, ಗದಗ

ಪಂಜರ ಅಡುಗೆಮನೆ ಹತ್ತಿರ ಇತ್ತಾ? ನಾನ್‌ಸ್ಟಿಕ್ ತವಾ ಬಳಸುತ್ತೀರಾ?

ಯಾಕೆ ಕೇಳುತ್ತಿದ್ದೇನೆ ಅಂದರೆ, ನಾನೂ ಹೀಗೇ ಎರಡು ಹಕ್ಕಿ ಕಳೆದುಕೊಂಡಿದ್ದೇನೆ. ದೋಸೆ ಹಾಕಬೇಕು ಅಂತ ತವಾ ಒಲೆ ಮೇಲೆ ಇಟ್ಟಿದ್ದೆ. ಅಷ್ಟರಲ್ಲಿ ಫೋನ್ ಬಂತು. ಮಾತಾಡುತ್ತಾ ಅಂಗಳಕ್ಕೆ ಹೋದೆ. ತಿರುಗಿ ಬಂದಾಗ ಹೊಗೆಯೂ ಇರಲಿಲ್ಲ, ವಾಸನೆಯೂ ಅಷ್ಟಿರಲಿಲ್ಲ. ಒಂದು ಬಡ್ಜಿ ಪಂಜರದ ತಳದಲ್ಲಿ ಬಿದ್ದಿತ್ತು, ಇನ್ನೊಂದು ಬಾಯಿ ತೆರೆದು ಬಾಲ ಆಡಿಸುತ್ತಾ ಉಸಿರು ಎಳೆಯುತ್ತಿತ್ತು. ಹೊರಗೆ ಗಾಳಿಗೆ ತಂದೆ. ಕೈಯಲ್ಲೇ ಹೋಯಿತು. ನಾನ್‌ಸ್ಟಿಕ್ ಲೇಪ ಅತಿಯಾಗಿ ಕಾದರೆ ಬಿಡುವ ಅನಿಲ ನಮಗೆ ಹೆಚ್ಚೆಂದರೆ ಜ್ವರ ಬಂದಂತೆ ಮಾಡೀತು, ಹಕ್ಕಿಗೆ ವಿಷ. ಅವುಗಳ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ, ಜೊತೆಗೆ ಗಾಳಿಚೀಲಗಳೂ ಇವೆ. ಗಾಳಿಯಲ್ಲಿರುವುದನ್ನು ನಮಗಿಂತ ಎಷ್ಟೋ ಚೆನ್ನಾಗಿ ಹೀರುತ್ತವೆ, ವಿಷವನ್ನೂ ಅಷ್ಟೇ ಚೆನ್ನಾಗಿ.

ನಿಮ್ಮಲ್ಲಿ ಆದದ್ದು ಇದೇ ಅಂತ ನಾನು ಇಲ್ಲಿಂದ ಹೇಳಲಾರೆ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಬತ್ತಿ, ಲೋಬಾನದ ಹೊಗೆ ಕೂಡ ಕೆಟ್ಟದ್ದೇ. ದೃಷ್ಟಿಯಂತೂ ಅಲ್ಲವೇ ಅಲ್ಲ. ರೊಟ್ಟಿ ಸುಡುವ ಕಬ್ಬಿಣದ ಹಂಚು ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ, ದೋಸೆಗೂ ಅದನ್ನೇ ಇಡಿ.

ಪ್ರಶ್ನೆ: ಒಂಟಿ ಹೆಣ್ಣು ಕಾಕಟೀಲ್. ಗಂಡೇ ಇಲ್ಲ, ಮೂರು ಮೊಟ್ಟೆ ಇಟ್ಟಿದೆ! — ಓದುಗರು, ರಾಣೆಬೆನ್ನೂರು

ಫಾರಂ ಕೋಳಿ ಇಡುವುದಿಲ್ಲವೇ, ಹಾಗೆ. ಮರಿ ಆಗುವುದಿಲ್ಲ. ಮೊಟ್ಟೆ ತಕ್ಷಣ ತೆಗೆಯಬೇಡಿ, ತೆಗೆದರೆ ಮತ್ತೆ ಇಡುತ್ತದೆ. ಕಟಲ್ ಬೋನ್ (ಹಕ್ಕಿ ಕೆರೆದು ತಿನ್ನುವ, ಸಮುದ್ರಜೀವಿಯ ಬಿಳಿ ಚಿಪ್ಪು) ಇಡಿ, ಸುಣ್ಣದ ಅಂಶ ಬೇಕು. ಮೈ ಉಬ್ಬಿಸಿಕೊಂಡು ತಳದಲ್ಲಿ ಕೂತು ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಹಾಕಿಕೊಂಡಿದೆ ಅಂತ, ಅವತ್ತೇ ಡಾಕ್ಟರ ಹತ್ತಿರ ಓಡಿ. ಎಲ್ಲ ಪಶುವೈದ್ಯರೂ ಹಕ್ಕಿ ನೋಡುವುದಿಲ್ಲ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಮೊದಲು ಫೋನ್ ಮಾಡಿ ಕೇಳಿಕೊಂಡು ಹೋಗಿ.

ಪ್ರಶ್ನೆ: ಹಕ್ಕಿಗೆ ಸ್ನಾನ ಮಾಡಿಸಿದರೆ ಶೀತ ಆಗುತ್ತದಾ? — ಓದುಗರು, ಲಕ್ಷ್ಮೇಶ್ವರ

ಮಾಡಿಸಬೇಡಿ, ಅಗಲದ ತಟ್ಟೆಯಲ್ಲಿ ನೀರಿಡಿ, ತಾನೇ ಮಾಡುತ್ತದೆ. ಬಿಸಿಲೇರುವ ಹೊತ್ತಿಗೆ, ಫ್ಯಾನ್ ಬಂದ್ ಮಾಡಿ. ಸೋಪು ಬೇಡ.

ಪ್ರಶ್ನೆ: ಮೊಮ್ಮಗನ ಎಂಟನೇ ಹುಟ್ಟುಹಬ್ಬಕ್ಕೆ ಮಾತಾಡುವ ಆಫ್ರಿಕನ್ ಗ್ರೇ ಕೊಡಿಸಬೇಕು ಅಂತ ಆಸೆ. ನನಗೀಗ ಎಪ್ಪತ್ತೊಂದು. ಕೊಡಿಸಲೇ? — ಅಜ್ಜಿ, ಹಾವೇರಿ

ಅಜ್ಜೀ, ಅದು ಚೆನ್ನಾಗಿ ಬದುಕಿದರೆ ನಲವತ್ತು ಐವತ್ತು ವರ್ಷ ಇರುತ್ತದೆ. ನಿಮ್ಮ ಮೊಮ್ಮಗ ಕಾಲೇಜಿಗೆ ಹೋಗುವಾಗ, ಕೆಲಸಕ್ಕೆ ಬೆಂಗಳೂರಿಗೆ ಹೋಗುವಾಗ, ಮದುವೆ ಆಗುವಾಗ ಎಲ್ಲ ಇರುತ್ತದೆ, ದಿನಕ್ಕೆ ಮೂರ್ನಾಲ್ಕು ತಾಸು ಯಾರಾದರೂ ಜೊತೆ ಬೇಕು ಅನ್ನುತ್ತದೆ. ಒಂಟಿ ಬಿಟ್ಟರೆ ತನ್ನ ಪುಕ್ಕ ತಾನೇ ಕಿತ್ತುಕೊಳ್ಳುವ ಗ್ರೇಗಳನ್ನು ನಾನು ನೋಡಿದ್ದೇನೆ, ಎದೆ ಬರೀ ಚರ್ಮ. ಕೊಡಿಸಲೇಬೇಕು ಅಂದರೆ ಒಂದು ಜೋಡಿ ಬಡ್ಜಿ ಕೊಡಿಸಿ, ಪಂಜರ ಎತ್ತರಕ್ಕಿಂತ ಅಗಲ ಜಾಸ್ತಿ ಇರಲಿ, ಕೂರಲು ಪ್ಲಾಸ್ಟಿಕ್ ಕಡ್ಡಿ ತೆಗೆದು ಪೇರಲ ಗಿಡದ ಟೊಂಗೆ ಹಾಕಿ. ಕೊಡಿಸುವ ಮೊದಲು ಸೊಸೆಯನ್ನು ಒಂದು ಮಾತು ಕೇಳಿ. ಹುಟ್ಟುಹಬ್ಬ ಮೊಮ್ಮಗನದ್ದು, ಪಂಜರ ತೊಳೆಯುವುದು ಆಕೆಯೇ.