ಆನ್‌ಲೈನ್ ತರಗತಿಯ ಅಸೈನ್‌ಮೆಂಟು: ಮೇಡಂ ಅವರಿಗೆ ಈಗ ಹೇಗೆ ಬರೆಯಲಿ?

ಪ್ರಶ್ನೆ: ನಾನು ಬಿ.ಎ. ಮೊದಲ ಸೆಮಿಸ್ಟರಿನ ವಿದ್ಯಾರ್ಥಿ. ನಮ್ಮ ಐಚ್ಛಿಕ ಕನ್ನಡ ಪಾಠಗಳು ಆನ್‌ಲೈನಿನಲ್ಲಿ ನಡೆಯುತ್ತಿದ್ದು, ಅಸೈನ್‌ಮೆಂಟುಗಳನ್ನು ಗೂಗಲ್ ಕ್ಲಾಸ್‌ರೂಮಿಗೆ ಸಲ್ಲಿಸಬೇಕು. ವಚನಗಳ ಬಗೆಗಿನ ಬರಹವನ್ನು ಸೈಬರ್ ಸೆಂಟರಿನಲ್ಲಿ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಬಳಸಿ ಟೈಪು ಮಾಡಿಸಿ ಅಲ್ಲಿಗೆ ಸೇರಿಸಿದ್ದರೂ ‘ಮಿಸ್ಸಿಂಗ್’ ಎಂದು ತೋರಿಸಿತು. ಗಾಬರಿಯಿಂದ ರಾತ್ರಿ ಹನ್ನೆರಡರ ನಂತರ ಅದೇ ಫೈಲನ್ನು ಮೇಡಂ ಅವರ ವಾಟ್ಸ್‌ಆ್ಯಪಿಗೆ ಕಳುಹಿಸಿ, ನಾಲ್ಕೈದು ಸಲ ನೆನಪಿಸಿ, ಕೊನೆಗೆ ತರಗತಿಯ ಗುಂಪಿನಲ್ಲೇ ಕೇಳಿಬಿಟ್ಟೆ. ಫೈಲಿನಲ್ಲಿ ಓದಲು ಬರುವ ಒಂದಕ್ಷರವೂ ಇಲ್ಲವೆಂದು ಅವರು ಬೇಸರದಿಂದ ಬರೆದರು. ಈಗ ಏನು ಮಾಡಲಿ?
– ಓದುಗರೊಬ್ಬರು, ತರೀಕೆರೆ

ಉತ್ತರ: ನೀವು ಶ್ರಮಪಟ್ಟು ಬರೆದಿದ್ದೀರಿ, ಆದರೆ ಆ ಶ್ರಮ ಮೇಡಂ ಅವರ ಕಣ್ಣಿಗೆ ಇನ್ನೂ ಬಿದ್ದೇ ಇಲ್ಲ. ಮೊದಲು ಸರಿಪಡಿಸಬೇಕಾದದ್ದು ಅದನ್ನೇ.

ನುಡಿಯ ಹಳೆಯ ಆಸ್ಕಿ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕುಳಿತಿರುತ್ತವೆ. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾದ ಕನ್ನಡವಾಗಿ ಕಾಣುವ ಬರಹವೇ, ಅದು ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಮೇಡಂ ಅವರಿಗೆ ಕಂಡದ್ದು ಬಹುಶಃ ಇದೇ. ಟೈಪು ಮಾಡಿದ ಕಂಪ್ಯೂಟರಿನಲ್ಲಿಯೇ ಅದನ್ನು ಪಿಡಿಎಫ್ ಮಾಡಿಸಿಕೊಂಡರೆ ಸಾಮಾನ್ಯವಾಗಿ ಅಕ್ಷರದ ರೂಪವೂ ಕಡತದೊಳಗೇ ಉಳಿಯುತ್ತದೆ. ಮುಂದಿನ ಸಲ, ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಜಾಗವಿರುವ ಯೂನಿಕೋಡಿನಲ್ಲಿ ಟೈಪು ಮಾಡಿಸಿದರೆ ಈ ತೊಡಕೇ ಇರುವುದಿಲ್ಲ. ಏನೇ ಇರಲಿ, ಸಲ್ಲಿಸುವ ಮೊದಲು ಗೆಳೆಯರೊಬ್ಬರ ಮೊಬೈಲಿನಲ್ಲಿ ಒಮ್ಮೆ ತೆರೆದು ನೋಡಿ. ಇಷ್ಟು ಮಾಡಿದ್ದರೆ ನಿಮ್ಮ ಆ ರಾತ್ರಿಯ ಗಾಬರಿ ಅರ್ಧದಷ್ಟು ತಪ್ಪುತ್ತಿತ್ತು. ಕಡತದ ಹೆಸರಿನಲ್ಲಿ ರಿಜಿಸ್ಟರ್ ನಂಬರೂ ವಿಷಯವೂ ಇರಲಿ.

ಕ್ಲಾಸ್‌ರೂಮಿನಲ್ಲಿ ಕಡತ ಸೇರಿಸಿದ ಮಾತ್ರಕ್ಕೆ ಸಲ್ಲಿಸಿದಂತಾಗುವುದಿಲ್ಲ. ‘ಟರ್ನ್ ಇನ್’ ಒತ್ತಬೇಕು. ಒತ್ತಿದ ಮೇಲೆ ‘ಟರ್ನ್ಡ್ ಇನ್’ ಎಂದು ಬಂದಿದೆಯೇ ನೋಡಬೇಕು. ಸಕಾಲದಲ್ಲಿ ಸಲ್ಲಿಸಿದ್ದನ್ನು ಗಡುವಿನ ನಂತರ ಹಿಂಪಡೆದು ತಿದ್ದಿ ಮತ್ತೆ ಸಲ್ಲಿಸಿದರೂ ತಡವೆಂದೇ ದಾಖಲಾಗುವುದರಿಂದ, ತಿದ್ದುಪಡಿಗಳನ್ನೆಲ್ಲ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು.

ಇನ್ನು ಮಾತಿನ ವಿಷಯ. ಹಲವು ವಿದ್ಯಾರ್ಥಿಗಳು ‘ಪ್ಲೀಸ್ ಮೇಡಂ’ ಎಂದು ಹತ್ತು ಸಲ ಬರೆಯುತ್ತಾರೆ, ತಮ್ಮ ಹೆಸರನ್ನು ಮಾತ್ರ ಬರೆಯುವುದಿಲ್ಲ. ನಾಲ್ಕಾರು ತರಗತಿಗಳಿಗೆ ಪಾಠ ಹೇಳುವವರಿಗೆ ಬರಿಯ ಮೊಬೈಲ್ ಸಂಖ್ಯೆಯಿಂದ ಯಾರೆಂದು ಗೊತ್ತಾಗುವುದಾದರೂ ಹೇಗೆ? ಕೇಳುವವರು ಯಾರು, ಯಾವ ಕೆಲಸದ ಬಗ್ಗೆ, ಏನು ಬೇಕು ಎಂಬುದು ಒಂದೇ ಓದಿಗೆ ತಿಳಿಯುವಂತೆ ಬರೆಯುವುದನ್ನೇ ನಾನು ನಿಜವಾದ ಗೌರವ ಎನ್ನುತ್ತೇನೆ. ಕ್ಲಾಸ್‌ರೂಮಿನಲ್ಲಿ ಆ ಅಸೈನ್‌ಮೆಂಟಿನ ಜೊತೆಗೇ ಖಾಸಗಿ ಕಾಮೆಂಟಿಗೆ ಜಾಗವಿದೆ. ಅದು ನಿಮಗೂ ನಿಮ್ಮ ಅಧ್ಯಾಪಕರಿಗೂ ಕಾಣುತ್ತದೆ, ಸಹಪಾಠಿಗಳಿಗೆ ಕಾಣುವುದಿಲ್ಲ. ಪಿಡಿಎಫ್ ಸಲ್ಲಿಸಿದ ಮೇಲೆ ಅಲ್ಲಿ ಹೀಗೆ ಬರೆಯಬಹುದು:

‘ಮೇಡಂ, ನಮಸ್ಕಾರ. ನಾನು ಮೊದಲ ಸೆಮಿಸ್ಟರಿನ (ಹೆಸರು, ರಿಜಿಸ್ಟರ್ ನಂಬರ್). ವಚನಗಳ ಅಸೈನ್‌ಮೆಂಟನ್ನು ಸೇರಿಸಿದ್ದೆನಾದರೂ ಟರ್ನ್ ಇನ್ ಮಾಡಿರಲಿಲ್ಲ. ಫಾಂಟಿನ ತೊಂದರೆಯೂ ಇತ್ತು. ಈಗ ಪಿಡಿಎಫ್ ಸಲ್ಲಿಸಿದ್ದೇನೆ. ಅವೇಳೆಯಲ್ಲಿ ಮೆಸೇಜು ಮಾಡಿದ್ದಕ್ಕೂ ಗುಂಪಿನಲ್ಲಿ ಕೇಳಿದ್ದಕ್ಕೂ ಕ್ಷಮಿಸಿ. ತಡವಾದ ಈ ಸಲ್ಲಿಕೆಯನ್ನು ಪರಿಗಣಿಸಬಹುದೇ ಎಂದು ತಿಳಿಸಬೇಕಾಗಿ ವಿನಂತಿ.’

ಕರೆಂಟು ಹೋಗಿತ್ತು, ನೆಟ್‌ವರ್ಕ್ ಇರಲಿಲ್ಲ ಎಂಬ ಕಾರಣಗಳನ್ನು ಅವು ನಿಜವಾಗಿದ್ದರೆ ಮಾತ್ರ ಒಂದು ವಾಕ್ಯದಲ್ಲಿ ಸೇರಿಸಿ. ಎರಡು ಕೆಲಸದ ದಿನಗಳವರೆಗೆ ಉತ್ತರ ಬಾರದಿದ್ದರೆ ಹಗಲಿನ ವೇಳೆಯಲ್ಲಿ ಒಮ್ಮೆ ನೆನಪಿಸಿ. ಗಡುವಿನ ದಿನಾಂಕದಂತಹ ಎಲ್ಲರಿಗೂ ಬೇಕಾದ ವಿಷಯವನ್ನು ಗುಂಪಿನಲ್ಲಿ ಸಂಕೋಚವಿಲ್ಲದೆ ಕೇಳಬಹುದು. ನಿಮ್ಮೊಬ್ಬರ ಅಂಕ, ಸಲ್ಲಿಕೆಗಳ ಮಾತು ಖಾಸಗಿ ಕಾಮೆಂಟಿನಲ್ಲಿಯೇ ಇರಲಿ.