ಎಲೆ ಲೆಕ್ಕ ಬಿಡಿ, ಮಂಚ ಎಣಿಸಿ

(ರಾಜಾಜಿನಗರದ ಓದುಗರೊಬ್ಬರ ಪತ್ರದ ಸಾರ: ಮಗಳ ಮದುವೆ ನಿಶ್ಚಯ ಆಗಿದೆ. ಹುಡುಗ ಹುಡುಗಿ ಇಬ್ಬರಿಗೂ ಡೆಸ್ಟಿನೇಷನ್ ವೆಡ್ಡಿಂಗೇ ಬೇಕು. ಅವಳು ಗೋಕರ್ಣದ ಕಡಲ ತೀರ ಅನ್ನುತ್ತಾಳೆ, ಅವನು ಸಕಲೇಶಪುರದ ಕಾಫಿ ತೋಟ ಅನ್ನುತ್ತಾನೆ. ನಮ್ಮ ಮನೆಯವರು ಪಕ್ಕದ ರಸ್ತೆಯ ಛತ್ರ ಬಿಟ್ಟು ಕದಲುವುದಿಲ್ಲ. ಕರೆಯಬೇಕಾದವರ ಪಟ್ಟಿ 600 ದಾಟಿದೆ. ಅತ್ತೆಗೆ 84 ವರ್ಷ, ಮಂಡಿ ನೋವು. ಇದೆಲ್ಲ ನಮ್ಮಂಥವರಿಗೆ ಬೇಕಾ? ಖರ್ಚು ಕಮ್ಮಿ ಅಂತಾರೆ, ನಿಜವಾ? ಕರೆಯದೇ ಬಿಟ್ಟವರಿಗೆ ಏನು ಹೇಳೋದು?)

ಮೇಡಂ, "ನಮ್ಮಂಥವರಿಗೆ" ಅಂತ ಬರೆದಿದ್ದೀರಲ್ಲ, ಊರು ಬಿಟ್ಟು ಹೋಗಿ ಮದುವೆ ಮಾಡುವುದು ನಮ್ಮಂಥವರಿಗೆ ಯಾವತ್ತೂ ಹೊಸದಾಗಿರಲಿಲ್ಲ. ಹರಕೆ ಹೊತ್ತು ತಿರುಪತಿಯಲ್ಲಿ ತಾಳಿ ಕಟ್ಟಿಸಿಕೊಂಡು ಬಂದವರು ನಿಮ್ಮ ಬಳಗದಲ್ಲೇ ಇಬ್ಬರು ಮೂವರು ಸಿಗುತ್ತಾರೆ, ಕೇಳಿ ನೋಡಿ. ಧರ್ಮಸ್ಥಳ, ಮೇಲುಕೋಟೆ, ಘಾಟಿ ಸುಬ್ರಹ್ಮಣ್ಯ, ಎಲ್ಲಾ ಕಡೆ ಮದುವೆಗಳು ಆಗಿವೆ. ಒಂದು ಬಸ್ಸು ಮಾಡಿಕೊಂಡು ಹತ್ತಿರದವರನ್ನಷ್ಟೇ ಹತ್ತಿಸಿಕೊಂಡು ಹೋಗಿ ಬಂದರೆ ಮುಗಿಯಿತು. ಕರೆಯಲಿಲ್ಲ ಅಂತ ಯಾರೂ ಮುನಿಸಿಕೊಳ್ಳುತ್ತಿರಲಿಲ್ಲ, ಯಾಕೆಂದರೆ ದೇವರ ಹೆಸರಿತ್ತು. ರೆಸಾರ್ಟಿಗೆ ಆ ರಿಯಾಯಿತಿ ಇಲ್ಲ, ಅಷ್ಟೇ ವ್ಯತ್ಯಾಸ. ಇನ್ನೂರು ಮುನ್ನೂರು ಕಿಲೋಮೀಟರ್ ದೂರಕ್ಕೆ ನೆಂಟರು ಕೋಪ ಮಾಡಿಕೊಳ್ಳುವುದಿಲ್ಲ. ದೊಡ್ಡಪ್ಪನ ಮಕ್ಕಳಲ್ಲಿ ಒಬ್ಬರನ್ನು ಕರೆದು ಇನ್ನೊಬ್ಬರನ್ನು ಬಿಟ್ಟರೆ ಮಾಡಿಕೊಳ್ಳುತ್ತಾರೆ.

ಹಾಗಾಗಿ ಜಾಗದ ಮಾತು ಆಮೇಲೆ, ಮೊದಲು ಪಟ್ಟಿ. ಛತ್ರದ ಮದುವೆಯಲ್ಲಿ ನಾವು ಎಲೆ ಲೆಕ್ಕ ಹಾಕುತ್ತೇವೆ. 600 ಜನಕ್ಕೆ ಕಾರ್ಡು ಕೊಟ್ಟರೆ ಇಷ್ಟು ಜನ ಬರಬಹುದು, ಎರಡು ಪಂಕ್ತಿ ಜಾಸ್ತಿ ಆದರೂ ಭಟ್ಟರು ಸಾರಿಗೆ ನೀರು ಬೆರೆಸಿ ನಿಭಾಯಿಸುತ್ತಾರೆ. ಹೊರಗಡೆ ಮದುವೆಯಲ್ಲಿ ಮಂಚ ಎಣಿಸಬೇಕು. ಮಂಚಕ್ಕೆ ನೀರು ಬೆರೆಸೋಕಾಗಲ್ಲ! ಒಬ್ಬರನ್ನು ಕರೆದಿರಿ ಅಂದರೆ ಅವರು ಮನೆ ಬಾಗಿಲು ದಾಟಿದ ಹೊತ್ತಿನಿಂದ ವಾಪಸ್ ಹೋಗಿ ಬೀಗ ತೆಗೆಯುವ ತನಕ ನಿಮ್ಮ ಜವಾಬ್ದಾರಿ: ಬಸ್ಸು, ಬೆಳಗಿನ ಕಾಫಿ, ಬಿಸಿನೀರು, ಬಿಪಿ ಮಾತ್ರೆ ಮರೆತು ಬಂದ ಚಿಕ್ಕಪ್ಪ, ಎಲ್ಲವೂ. ಮಗಳನ್ನೂ ಮನೆಯವರನ್ನೂ ಕೂರಿಸಿಕೊಂಡು, "ಎರಡು ರಾತ್ರಿ ನಮ್ಮ ಖರ್ಚಲ್ಲಿ ಇರಿಸಿಕೊಂಡು ನೋಡಿಕೊಳ್ಳಬೇಕಾದವರು ಯಾರು?" ಅಂತ ಕೇಳಿಕೊಂಡು ಹೆಸರು ಬರೆಯಿರಿ. ಬೀಗರ ಕಡೆಯವರೂ ಇದೇ ಪ್ರಶ್ನೆ ಇಟ್ಟುಕೊಂಡು ಬರೆಯಲಿ. ಎರಡೂ ಸೇರಿ 120ರ ಆಸುಪಾಸು ಬಂದರೆ ಊರು ಹುಡುಕಿ. ಎಷ್ಟು ಹೊಡೆದುಹಾಕಿದರೂ 300ಕ್ಕಿಂತ ಕೆಳಗೆ ಇಳಿಯಲಿಲ್ಲ ಅಂದರೆ ನಿಮ್ಮ ಮನೆಯವರು ಹೇಳಿದ್ದೇ ಸರಿ, ಛತ್ರಕ್ಕೆ ಅಡ್ವಾನ್ಸ್ ಕೊಟ್ಟುಬಿಡಿ.

120 ಅಂತಲೇ ಇಟ್ಟುಕೊಳ್ಳೋಣ. ಗೋಕರ್ಣ ಬೆಂಗಳೂರಿನಿಂದ ಸುಮಾರು 480 ಕಿ.ಮೀ., ಬಸ್ಸಾದರೆ ಇಡೀ ರಾತ್ರಿ. ಕಾರವಾರದ ಪಂಚಗಂಗಾ ರೈಲು ಇದೆ, ಆದರೆ ಮುಂಗಡ ಬುಕಿಂಗ್ ಈಗ 60 ದಿನಕ್ಕೆ ಇಳಿದಿದೆ (2024ರ ಅಕ್ಟೋಬರ್‌ವರೆಗೆ 120 ದಿನ ಇತ್ತು). ಒಂದು ಟಿಕೆಟ್ಟಿಗೆ ಆರೇ ಜನ. 84ರ ಅತ್ತೆಯನ್ನು ಮೇಲಿನ ಬರ್ತಿಗೆ ಹತ್ತಿಸಲಾದೀತಾ? ನನ್ನ ಓಟು ಸಕಲೇಶಪುರಕ್ಕೆ. 220 ಕಿ.ಮೀ., ಹಾಸನ ದಾಟಿದರೆ ಬಂದೇಬಿಟ್ಟಿತು, ಶಿರಾಡಿ ಘಾಟಿ ಶುರುವಾಗುವುದೇ ಅದರ ಆಚೆ, ಹಾಗಾಗಿ ವಾಂತಿಯ ಭಯವೂ ಕಮ್ಮಿ. ಮಗಳಿಗೆ ಸಮುದ್ರ ಬೇಕೇ ಬೇಕು ಅಂದರೆ ಮದುವೆ ಮುಗಿಸಿಕೊಂಡು ಅದೇ ರಾತ್ರಿ ರೈಲನ್ನು ಸಕಲೇಶಪುರದಲ್ಲಿ ಹತ್ತಿ ಇಬ್ಬರೇ ಹೋಗಿ ಬರಲಿ.

ಒಂದು ಎಚ್ಚರಿಕೆ. ಸಕಲೇಶಪುರ, ಆಲೂರು ಕಡೆ ಕಾಡಾನೆಗಳ ಓಡಾಟ ಇದೆ, ಇದು ಹೆದರಿಸೋಕೆ ಹೇಳಿದ್ದಲ್ಲ. ಆಫೀಸ್ ಮುಗಿಸಿಕೊಂಡು ರಾತ್ರಿ ಹೊರಟು ಹನ್ನೆರಡಕ್ಕೆ ತಲುಪುತ್ತೇವೆ ಅನ್ನುವ ಹುಡುಗರು ಪ್ರತಿ ಮದುವೆಯಲ್ಲೂ ಇರುತ್ತಾರೆ. ಅವರಿಗೆ ಈಗಲೇ ಹೇಳಿ: ಹೆದ್ದಾರಿಯಿಂದ ತೋಟದೊಳಕ್ಕೆ ಹೋಗುವ ರಸ್ತೆಯಲ್ಲಿ ಕತ್ತಲಾದ ಮೇಲೆ ಓಡಾಡುವ ಹಾಗಿಲ್ಲ. ಮದುವೆಯ ಬಸ್ಸು ಕೂಡ ನಾಲ್ಕೂವರೆ ಐದರೊಳಗೆ ಗೇಟು ದಾಟಿರಬೇಕು.

ದಿನದ ವಿಷಯಕ್ಕೆ ಬಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಹೆಸರೇ ಎತ್ತಬೇಡಿ, ಹೇಗೂ ಆಷಾಢ, ಪಿತೃಪಕ್ಷ ಹೆಚ್ಚಿನ ವರ್ಷ ಹೆಚ್ಚುಕಮ್ಮಿ ಅದರಲ್ಲೇ ಹೋಗುತ್ತವೆ. ಮೇ ತಿಂಗಳಲ್ಲಿ ಮುಹೂರ್ತ ಜಾಸ್ತಿ, ಮಧ್ಯಾಹ್ನದ ಗುಡುಗು ಮಳೆಯೂ ಜಾಸ್ತಿ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿ ತನಕ ಧನುರ್ಮಾಸ. ಉಳಿದದ್ದರಲ್ಲಿ ಫೆಬ್ರವರಿ ಚೆನ್ನ. ಅದೃಷ್ಟ ಇದ್ದು ಮಾರ್ಚ್‌ನಲ್ಲಿ ಹೂಮಳೆ ಬಿದ್ದು ಕಾಫಿ ಹೂ ಬಿಟ್ಟಿದ್ದರೆ ಡೆಕೊರೇಷನ್‌ನವರಿಗೆ ಅರ್ಧ ದುಡ್ಡು ಕೊಟ್ಟರೆ ಸಾಕು ಅನ್ನಿಸುತ್ತದೆ, ಆದರೆ ಅದನ್ನು ನಂಬಿಕೊಂಡು ಲಗ್ನ ಇಡಬೇಡಿ. ಮುಹೂರ್ತ ವಾರದ ನಡುವೆ ಸಿಕ್ಕರೆ ಹಿಡಿದುಕೊಳ್ಳಿ. ಶನಿವಾರ ಭಾನುವಾರದ ರೇಟೇ ಬೇರೆ.

ಈಗ ಖರ್ಚು. ರೆಸಾರ್ಟಿನವರು ಪ್ಯಾಕೇಜ್ ಅಂತ ಒಂದು ದೊಡ್ಡ ಮೊತ್ತ ಹೇಳುತ್ತಾರೆ, ಅದನ್ನು ಬಿಡಿಸಿ ಬರೆಸಿಕೊಳ್ಳಿ. ಲೆಕ್ಕಕ್ಕೆ ಹೇಳುತ್ತೇನೆ: 50 ರೂಮು, ಎರಡು ರಾತ್ರಿ, ರೂಮಿಗೆ 8,000 ಅಂದರೆ 8 ಲಕ್ಷ. ರೂಮಿನ ಬಾಡಿಗೆ ದಿನಕ್ಕೆ 7,500 ದಾಟಿದರೆ ಜಿಎಸ್‌ಟಿ 18%, ಒಟ್ಟು 9.44 ಲಕ್ಷ. ಅದೇ ರೂಮನ್ನು 7,000ಕ್ಕೆ ಒಪ್ಪಿಸಿದಿರಿ ಅಂತಿಟ್ಟುಕೊಳ್ಳಿ. ಆಗ ತೆರಿಗೆ 5%, ಒಟ್ಟು 7.35 ಲಕ್ಷ. ರೂಮಿಗೆ ಸಾವಿರ ರೂಪಾಯಿ ಚೌಕಾಸಿ ಮಾಡಿದ್ದಕ್ಕೆ ಎರಡು ಲಕ್ಷ ಉಳಿಯಿತು, ಅಷ್ಟು ದುಡ್ಡಲ್ಲಿ ಮಗಳಿಗೆ ಎಷ್ಟು ಸೀರೆ ಬರುತ್ತೆ ನೋಡಿ. ಇನ್ನು ಛತ್ರ ಅಗ್ಗ ಅನ್ನುವುದೂ ಪೂರ್ತಿ ನಿಜ ಅಲ್ಲ. ಬಾಡಿಗೆ ಒಂದು ಹೇಳಿ, ಆಮೇಲೆ ಕರೆಂಟು, ಕ್ಲೀನಿಂಗು, ಪಾತ್ರೆ, ಗ್ಯಾಸು ಅಂತ ಬೇರೆ ಚೀಟಿ ಕೊಡುತ್ತಾರೆ. ಹೊರಗಡೆ ಮದುವೆ ಅಗ್ಗ ಆಗುವುದು ಜನ ಕಮ್ಮಿ ಆದಾಗ ಮಾತ್ರ. ತೋಟದಲ್ಲಿ ಧಾರೆ, ಮತ್ತೆ ಬೆಂಗಳೂರಿಗೆ ಬಂದು 600 ಜನಕ್ಕೆ ಸ್ಟೇಜು ಹಾಕಿ ಆರತಕ್ಷತೆ ಅಂದರೆ ನೀವು ಎರಡು ಮದುವೆ ಮಾಡಿದ ಹಾಗೆ. ದಯವಿಟ್ಟು ಬೇಡ.

ರೆಸಾರ್ಟ್ ನೋಡಲು ಹೋದಾಗ ಸ್ವಿಮ್ಮಿಂಗ್ ಪೂಲು ನೋಡುವ ಮುಂಚೆ ಅಡುಗೆಮನೆ ನೋಡಿ. ನಿಮ್ಮ ಭಟ್ಟರನ್ನು ಒಳಗೆ ಬಿಡುತ್ತಾರಾ? ಎಷ್ಟೋ ಕಡೆ ಬಿಡುವುದಿಲ್ಲ, ಬುಫೆ ಮೇಜಿನ ಮೇಲೆ ಪನೀರು ಮಂಚೂರಿ ಇಟ್ಟು ಮದುವೆ ಊಟ ಅಂದುಬಿಡುತ್ತಾರೆ. ಎಲೆ ಹಾಕಿ ಬಡಿಸುವವರು ಇದ್ದಾರಾ? ಹೋಮ ಎಲ್ಲಿ ಮಾಡಬಹುದು? ಹಾಲ್ ಒಳಗೆ ಹೊಗೆ ಆಗಬಾರದು ಅಂತ ಕೊನೇ ಗಳಿಗೆಯಲ್ಲಿ ಹೇಳಿದರೆ ಪುರೋಹಿತರು ಹೋಮಕುಂಡ ಹಿಡಿದುಕೊಂಡು ಹುಲ್ಲುಹಾಸಿಗೆ ಓಡಬೇಕು. ನಾನು ಹೋಗಿದ್ದ ಒಂದು ಮದುವೆಯಲ್ಲಿ ಓಲಗದವರಿಗೆ ರೂಮನ್ನೇ ಹಿಡಿದಿರಲಿಲ್ಲ, ಪಾಪ, ಚಳಿಯಲ್ಲಿ ಬಸ್ಸಿನ ಸೀಟಿನ ಮೇಲೆ ಮಲಗಿದ್ದರು. ಬೆಳಗ್ಗೆ ನಾದಸ್ವರ ಊದುವ ಮುಂಚೆ ಆ ಹಿರಿಯರು ಬಿಸಿನೀರಿಗೆ ಲೋಟ ಹಿಡಿದುಕೊಂಡು ಕಿಚನ್ ಬಾಗಿಲಲ್ಲಿ ನಿಂತಿದ್ದರು. ಓಲಗದವರು, ಪುರೋಹಿತರು, ಭಟ್ಟರ ಕಡೆ ಹುಡುಗರು, ಫೋಟೋದವರು, ಮೇಕಪ್ ಮಾಡುವವರು, ಡ್ರೈವರ್‌ಗಳು, ಇವರಿಗೂ ಮಂಚ ಬೇಕು. ನಿಮ್ಮ 120ರಲ್ಲಿ ಇವರನ್ನು ಸೇರಿಸಿದ್ದೀರಾ?

ಗ್ರಂಧಿಗೆ ಅಂಗಡಿಯ ಪಟ್ಟಿಯೂ ಹಾಗೇ. ಬೆಂಗಳೂರಲ್ಲಿ ದರ್ಭೆ ಮರೆತರೆ ಯಾರಾದರೂ ಸ್ಕೂಟರ್ ಹತ್ತಿ ತಂದುಬಿಡುತ್ತಾರೆ. ತೋಟದ ನಡುವೆ ಬೆಳಗ್ಗೆ ಆರಕ್ಕೆ ಅರಳು ಇಲ್ಲ, ಬಾಸಿಂಗ ಇಲ್ಲ ಅಂದರೆ ಏನು ಮಾಡುತ್ತೀರಿ? ಪುರೋಹಿತರ ಹತ್ತಿರ ಪಟ್ಟಿ ಬರೆಸಿ, ಸಾಮಾನನ್ನೆಲ್ಲ ಶಾಸ್ತ್ರದ ಪ್ರಕಾರ ಬೇರೆ ಬೇರೆ ಚೀಲಕ್ಕೆ ಹಾಕಿ ಹೆಸರು ಬರೆದಿಡಿ: ವರಪೂಜೆ, ಕಾಶಿಯಾತ್ರೆ, ಧಾರೆ, ಲಾಜಾಹೋಮ. ಈ ಕೆಲಸವನ್ನು ಮದುಮಗಳ ತಾಯಿ ಇಟ್ಟುಕೊಳ್ಳಬಾರದು, ನಿಮಗೆ ಬೇರೆ ಚಿಂತೆ ಸಾಕಷ್ಟಿರುತ್ತದೆ. ನಾದಿನಿಗೋ ತಂಗಿಗೋ ಕೊಟ್ಟುಬಿಡಿ.

ಮೈಕು, ಡಿಜೆ ರಾತ್ರಿ 10ಕ್ಕೆ ನಿಲ್ಲಬೇಕು, ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ರಿಜಿಸ್ಟ್ರೇಷನ್‌ಗೆ ಸಕಲೇಶಪುರಕ್ಕೇ ಓಡಬೇಕು ಅಂತೇನಿಲ್ಲ, ಹುಡುಗ ಅಥವಾ ಹುಡುಗಿ ವಾಸ ಇರುವ ಕಡೆಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ ಆಗುತ್ತದೆ. ಲಗ್ನಪತ್ರಿಕೆ, ತಾಳಿ ಕಟ್ಟುವ ಫೋಟೋ ಎತ್ತಿಟ್ಟುಕೊಳ್ಳಿ.

ಕರೆಯದವರಿಗೆ ಏನು ಹೇಳೋದು ಅಂದಿರಿ. ವಾಟ್ಸಾಪಿನಲ್ಲಿ ಹೇಳಬೇಡಿ, ಅಷ್ಟು ಮಾತ್ರ ಖಂಡಿತ. ಮನೆಯವರನ್ನು ಕರೆದುಕೊಂಡು ಅವರ ಕಡೆಯ ಹಿರಿಯರ ಮನೆಗೆ ಹೋಗಿ, ಕಾರ್ಡು ಅಚ್ಚಾಗುವ ಮುಂಚೆಯೇ. "ಮಕ್ಕಳ ಆಸೆ, ಜಾಗ ಚಿಕ್ಕದು, ಒಂದು ಮನೆಗೆ ಇಬ್ಬರು ಅಂತ ಇಟ್ಟುಕೊಂಡಿದ್ದೇವೆ" ಅನ್ನಿ, ಮತ್ತೆ ಆ ನಿಯಮವನ್ನು ನಿಮ್ಮ ತವರಿನವರಿಗೂ ಹಾಗೇ ಹಾಕಿ, ಇಲ್ಲದಿದ್ದರೆ ಮಾತು ಬೆಳೆಯುತ್ತೆ. ಆಫೀಸಿನವರು, ಬೀದಿಯವರು, ಮುಯ್ಯಿ ಕೊಟ್ಟು ತಗೊಂಡ ಬಳಗ, ಇವರಿಗೆ ಮದುವೆ ಆದ ಮೇಲೆ ಒಂದು ಭಾನುವಾರ ಹತ್ತಿರದ ಚಿಕ್ಕ ಛತ್ರದಲ್ಲಿ ಬರೀ ಮಧ್ಯಾಹ್ನದ ಊಟ ಇಡಿ. ಸ್ಟೇಜು ಬೇಡ, ಉಡುಗೊರೆ ಬೇಡ. ಅತ್ತೆಯವರಿಗೆ ಸಕಲೇಶಪುರ ಆಗುವುದಿಲ್ಲ ಅನ್ನಿಸಿದರೆ ಅವರನ್ನೇ ಕೇಳಿ, ನೀವಾಗಿ ನಿರ್ಧಾರ ಮಾಡಬೇಡಿ. ಬರುತ್ತೇನೆ ಅಂದರೆ ಮೆಟ್ಟಿಲಿಲ್ಲದ, ಊಟದ ಜಾಗಕ್ಕೆ ಹತ್ತಿರದ ರೂಮು ಮೊದಲು ಅವರ ಹೆಸರಿಗೆ ಬರೆಸಿ, ಉಳಿದ ರೂಮುಗಳನ್ನು ಆಮೇಲೆ ಹಂಚಿ.

– ಸಂಪಾದಕ