ಏರ್ ಆಂಬುಲೆನ್ಸ್ ಜೆಟ್ ರನ್‌ವೇ ಪಕ್ಕದ ಕಡಲಿಗೆ ಬಿದ್ದರೆ ಈಜು ಬರುವವರು ಹೆದರಬೇಕಾ?

ದ್ವೀಪಗಳಿಂದ ರೋಗಿಗಳನ್ನು ಕರೆತರುವ ಸಣ್ಣ ಜೆಟ್‌ನಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಅಮ್ಮ ಬೇಡ ಅನ್ನುತ್ತಿದ್ದಾರೆ, ಆದರೆ ಅಲ್ಲಿ ರನ್‌ವೇ ಪಕ್ಕದ ನೀರು ಆಳವೇ ಇಲ್ಲ, ನನಗೆ ಈಜೂ ಬರುತ್ತದೆ, ಆಸ್ಪತ್ರೆ ಕೆಲಸ ಬಿಟ್ಟು ಹೋಗಲಾ ಅಂತ ಕೇಳಿದ್ದೀರಿ.

"ನನಗೆ ಈಜು ಬರುತ್ತದೆ." ಇದೇ ಮಾತನ್ನು 2012ರಲ್ಲಿ ಮುಂಬೈ ಕಡೆಯ ಒಂದು ತರಬೇತಿ ಕೊಳದ ಪಕ್ಕ ನಿಂತು ನಾನೂ ಹೇಳಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ.

ನನ್ನ ಊರು ಕೋಡಿ ಬೆಂಗ್ರೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಒಂದು ಮರಳಿನ ಪಟ್ಟಿ. ಅಲ್ಲಿ ಮಕ್ಕಳಿಗೆ ಈಜು ಯಾರೂ ಕಲಿಸುವುದಿಲ್ಲ, ತಾನಾಗಿ ಬರುತ್ತದೆ. ಡಿಪ್ಲೊಮಾ ಮುಗಿಸಿದ ಮೇಲೆ ಮುಂಬೈ ಹೈನ ತೈಲ ಪ್ಲಾಟ್‌ಫಾರ್ಮ್ ಒಂದರಲ್ಲಿ ಗುತ್ತಿಗೆದಾರರ ಕಡೆಯಿಂದ ಕೆಲಸ ಸಿಕ್ಕಿತು. ದಡದಿಂದ ಸುಮಾರು 160 ಕಿಲೋಮೀಟರ್ ದೂರ, ಹೋಗಿ ಬರುವುದು ಹೆಲಿಕಾಪ್ಟರ್‌ನಲ್ಲಿ. ಹಾಗಾಗಿ ಕೆಲಸಕ್ಕೆ ಸೇರುವ ಮೊದಲು ಹ್ಯೂಯೆಟ್ ಅಂತ ಒಂದು ತರಬೇತಿ ಪಾಸಾಗಬೇಕು. ಹೆಲಿಕಾಪ್ಟರ್ ನೀರಿಗೆ ಬಿದ್ದರೆ ಒಳಗಿಂದ ಹೊರಗೆ ಬರುವುದನ್ನು ಕಲಿಸುವ ತರಬೇತಿ. ಅದರ ಫೀಸಿಗೆ ಅಪ್ಪ, ಅಮ್ಮನ ಸರವನ್ನು ಸೊಸೈಟಿಯಲ್ಲಿ ಅಡವಿಟ್ಟಿದ್ದರು.

ಕೊಳದ ಮೇಲೆ ಕ್ರೇನಿಗೆ ಒಂದು ಪೆಟ್ಟಿಗೆ ನೇತು ಹಾಕಿರುತ್ತಾರೆ. ಹೆಲಿಕಾಪ್ಟರ್ ಒಳಗೆ ಇರುವಂಥದ್ದೇ ಸೀಟು, ಬೆಲ್ಟು, ಕಿಟಕಿ. ಡಂಕರ್ ಅನ್ನುತ್ತಾರೆ. ನಮ್ಮನ್ನು ಅದರಲ್ಲಿ ಕೂರಿಸಿ, ಬೆಲ್ಟ್ ಕಟ್ಟಿಸಿ, ನಿಧಾನ ನೀರಿಗೆ ಇಳಿಸುತ್ತಾರೆ. ಮೊದಲ ಸಲ ನೇರವಾಗಿ. ಆಮೇಲೆ ನೀರಿನೊಳಗೆ ಪೂರ್ತಿ ತಲೆಕೆಳಗು ಮಾಡುತ್ತಾರೆ. ಒಳಗೆ ಡೈವರ್‌ಗಳು ಕಾಯುತ್ತಿರುತ್ತಾರೆ, ಜೀವಕ್ಕೆ ತೊಂದರೆ ಇಲ್ಲ.

ನಮ್ಮ ಮೇಷ್ಟ್ರು ಹಿಂದಿಯಲ್ಲಿ ಮೂರು ಸಲ ಹೇಳಿದರು. ಒಂದು ಕೈ ಕಿಟಕಿಯ ಚೌಕಟ್ಟಿನ ಮೇಲೆ, ಅದನ್ನು ಯಾವ ಕಾರಣಕ್ಕೂ ಬಿಡಬೇಡಿ. ಇನ್ನೊಂದು ಕೈ ಬಕಲ್ ಮೇಲೆ, ಆದರೆ ತೆಗೆಯಬೇಡಿ. ಪೆಟ್ಟಿಗೆ ತಿರುಗುವುದು ಪೂರ್ತಿ ನಿಲ್ಲಲಿ. ಮನಸ್ಸಿನಲ್ಲೇ ಏಳರವರೆಗೆ ಎಣಿಸಿ. ಕಿಟಕಿ ತಳ್ಳಿ. ಆಮೇಲೆ ಬೆಲ್ಟ್. ಆಮೇಲೆ ಚೌಕಟ್ಟು ಹಿಡಿದ ಕೈಯಿಂದಲೇ ನಿಮ್ಮನ್ನು ಹೊರಗೆ ಎಳೆದುಕೊಳ್ಳಿ, ಕಾಲು ಬಡಿಯಬೇಡಿ. ಅಷ್ಟೇ.

ನೀರು ಎದೆಗೆ ಬಂತು, ಪೆಟ್ಟಿಗೆ ವಾಲಿತು, ಮೂಗಿನೊಳಗೆ ಒಂದೇ ಸಲಕ್ಕೆ ನೀರು ನುಗ್ಗಿತು. ಆ ಕ್ಷಣ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಈ ಬೆಲ್ಟ್ ಒಂದು ಬಿಚ್ಚಿದರೆ ಸಾಕು, ಮಿಕ್ಕಿದ್ದು ನನಗೆ ಗೊತ್ತು. ಚೌಕಟ್ಟಿನ ಮೇಲಿದ್ದ ಕೈ ತೆಗೆದೆ. ಎರಡೂ ಕೈಯಿಂದ ಬಕಲ್ ತಿರುಗಿಸಿದೆ. ಬಿಚ್ಚಿತು. ಪೆಟ್ಟಿಗೆ ಇನ್ನೂ ತಿರುಗುತ್ತಿತ್ತು.

ಇದೇ ನನ್ನ ತಪ್ಪು. ಇದನ್ನು ಬಿಡಿಸಿ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಬೆಲ್ಟ್ ನಿಮ್ಮನ್ನು ಕಟ್ಟಿ ಹಾಕಿದೆ ಅಂತ ಅನ್ನಿಸುತ್ತದೆ ಅಲ್ವಾ? ಅದು ಕಟ್ಟಿ ಹಾಕಿದ್ದಲ್ಲ. ಆ ಕತ್ತಲೆಯಲ್ಲಿ, ನೀರಿನಲ್ಲಿ, ನೀವು ಎಲ್ಲಿದ್ದೀರಿ ಅಂತ ನಿಮಗೆ ಗೊತ್ತಿರುವುದು ಬೆಲ್ಟ್ ಇರುವುದರಿಂದ ಮಾತ್ರ. ಬೆಲ್ಟ್ ಇರುವವರೆಗೆ, ವಿಮಾನ ಹೇಗೇ ತಿರುಗಲಿ, ಬಲಗಡೆ ಇದ್ದ ಕಿಟಕಿ ಬಲಗಡೆಯೇ ಇರುತ್ತದೆ. ನೀವೂ ಅದರ ಜೊತೆಗೇ ತಿರುಗುತ್ತೀರಿ. ಬೆಲ್ಟ್ ಬಿಚ್ಚಿದ ಕೂಡಲೇ ಮೈ ತೇಲುತ್ತದೆ. ಉಸಿರು ತುಂಬಿದ ಎದೆ ಮೇಲಕ್ಕೆ ಹೋಗುತ್ತದೆ, ಆದರೆ ಮೇಲೆ ಈಗ ಇರುವುದು ನೆಲ. ಬೆನ್ನು ಹೋಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಇನ್ನು ಕಿಟಕಿ ತಳ್ಳುವುದು. ಸೀಟಿಗೆ ಕಟ್ಟಿಕೊಂಡಿದ್ದರೆ ನೀವು ತಳ್ಳಿದಾಗ ಕಿಟಕಿ ಹೋಗುತ್ತದೆ. ತೇಲುತ್ತಾ ತಳ್ಳಿದರೆ ಕಿಟಕಿ ಅಲ್ಲೇ ಇರುತ್ತದೆ, ನೀವು ಹಿಂದಕ್ಕೆ ಹೋಗುತ್ತೀರಿ. ಮನೆಯ ಬಾವಿಯಲ್ಲೋ ಹೊಳೆಯಲ್ಲೋ ನೀರಿನೊಳಗೆ ಒಂದು ಬಂಡೆಯನ್ನು ತಳ್ಳಿ ನೋಡಿ, ಗೊತ್ತಾಗುತ್ತದೆ.

ನಾನು ಕಿಟಕಿ ಇದ್ದ ಕಡೆ ಕೈ ಚಾಚಿದೆ. ಸೀಟಿನ ರೆಕ್ಸಿನ್ ಸಿಕ್ಕಿತು. ಮತ್ತೆ ಚಾಚಿದೆ. ಪಕ್ಕದವರ ಬೂಟು ಗಲ್ಲಕ್ಕೆ ಬಡಿಯಿತು. ಆಗ ನನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದೆ, ಕಾಲು ಬಡಿದು ಈಜಿದೆ. ಚೆನ್ನಾಗಿಯೇ ಈಜಿದೆ. ಕಿಟಕಿಯಿಂದ ದೂರ, ಪೆಟ್ಟಿಗೆಯ ಆ ತುದಿಗೆ. ಈಜು ಬಾರದೆ ಹೆದರಿದ್ದ ಪಕ್ಕದ ಸೀಟಿನ ಬಿಹಾರದ ವೆಲ್ಡರ್ ಏಳರವರೆಗೆ ಎಣಿಸಿ, ಕಿಟಕಿ ತಳ್ಳಿ, ಹೊರಗೆ ಹೋಗಿ ತೇಲುತ್ತಿದ್ದ. ನನ್ನ ಕಾಲರ್ ಹಿಡಿದು ಎಳೆದದ್ದು ಡೈವರ್. ಒಟ್ಟು ಹದಿನೈದು ಇಪ್ಪತ್ತು ಸೆಕೆಂಡ್ ಆಗಿರಬಹುದು. ಆಗ ಪೆಟ್ಟಿಗೆಯ ಮೇಲೆ ಇದ್ದ ನೀರು ಒಂದು ಮೊಳ. ಒಂದೇ ಒಂದು ಮೊಳ.

ಅವತ್ತು ಮತ್ತೆ ಪೆಟ್ಟಿಗೆಯೊಳಗೆ ಕೂರಲು ನನ್ನಿಂದ ಆಗಲಿಲ್ಲ. ಸರ್ಟಿಫಿಕೇಟ್ ಸಿಗಲಿಲ್ಲ. ಮುಂದಿನ ಬ್ಯಾಚ್ ಬರುವಷ್ಟರಲ್ಲಿ ಸೇರುವ ದಿನ ದಾಟಿತ್ತು, ಆ ಜಾಗಕ್ಕೆ ಬೇರೆಯವರು ಹೋದರು. ಎಂಟು ತಿಂಗಳು ಊರಿನಲ್ಲಿ ಚಿಕ್ಕಪ್ಪನ ಬೋಟಿನಲ್ಲಿ ಐಸ್ ಹೊತ್ತೆ. ಅಮ್ಮನ ಸರ ಸೊಸೈಟಿಯಲ್ಲೇ ಇತ್ತು, ಬಡ್ಡಿ ಬೆಳೆಯುತ್ತಿತ್ತು. ಅಮ್ಮ ಒಂದು ದಿನವೂ ಅದರ ಬಗ್ಗೆ ಕೇಳಲಿಲ್ಲ, ಅದು ಇನ್ನೂ ಕಷ್ಟ.

ಆ ಎಂಟು ತಿಂಗಳಲ್ಲಿ ಅರ್ಥ ಆದದ್ದು ಏನೆಂದರೆ, ಇದು ನನಗೆ ಮೊದಲೇ ಗೊತ್ತಿರಬೇಕಿತ್ತು. ನಮ್ಮ ಅಳಿವೆಯಲ್ಲಿ ದೋಣಿ ಮಗುಚುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಮನೆಯವರೊಬ್ಬರು ಹಾಗೇ ಹೋದರು. ನೀರು ಎದೆಮಟ್ಟ. ನಿಂತರೆ ಉಸಿರಾಡಬಹುದಿತ್ತು. ಆದರೆ ದೋಣಿ ಮೇಲಿತ್ತು, ಬಲೆ ಕಾಲಿಗೆ ಸುತ್ತಿತ್ತು. ಊರಿನಲ್ಲಿ ಅವರಿಗಿಂತ ಚೆನ್ನಾಗಿ ಈಜುವವರು ಇರಲಿಲ್ಲ.

ಹಾಗಾಗಿ ನೋಡಿ ಮಾರಾಯ್ರೆ, ನಿಮ್ಮ ಪ್ರಶ್ನೆಯ ಬುಡವೇ ಸರಿ ಇಲ್ಲ ಅಂತ ನನಗೆ ಅನ್ನಿಸುತ್ತದೆ. ಆಳ ಎಷ್ಟು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಸೀಟಿನಿಂದ ಬಾಗಿಲಿಗೆ ಎಷ್ಟು ದೂರ, ಆ ದೂರವನ್ನು ಕಣ್ಣು ಮುಚ್ಚಿ ದಾಟಬಲ್ಲಿರಾ, ಅದು ಲೆಕ್ಕ. ಈಜು ಬೇಕಾಗುವುದು ಹೊರಗೆ ಬಂದ ಮೇಲೆ.

ಜೆಟ್ ಹೆಲಿಕಾಪ್ಟರ್ ಅಲ್ಲ, ಒಪ್ಪುತ್ತೇನೆ. ಹೆಲಿಕಾಪ್ಟರಿನ ಭಾರವೆಲ್ಲ ಮೇಲೆ ಇರುವುದರಿಂದ ಅದು ಬೇಗ ಮಗುಚುತ್ತದೆ. ಜೆಟ್ ಮಗುಚದೇ ಇರಬಹುದು. ಆದರೆ ಅದು ಇಳಿಯುವ ವೇಗ ಜಾಸ್ತಿ, ಆ ವೇಗದಲ್ಲಿ ನೀರು ಗಟ್ಟಿ ನೆಲದ ಹಾಗೆ ಹೊಡೆಯುತ್ತದೆ. 2013ರ ಏಪ್ರಿಲ್‌ನಲ್ಲಿ ಬಾಲಿಯಲ್ಲಿ ಒಂದು ಬೋಯಿಂಗ್ 737 ರನ್‌ವೇ ಮುಟ್ಟುವ ಮೊದಲೇ ಕಡಿಮೆ ಆಳದ ನೀರಿಗೆ ಬಿತ್ತು. 108 ಜನರೂ ಬದುಕಿದರು, ಆದರೆ ವಿಮಾನದ ಮೈ ಮುರಿದಿತ್ತು. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಪಾನ್ ಏರ್‌ಲೈನ್ಸ್‌ನ ಡಿಸಿ-8 ರನ್‌ವೇಗಿಂತ ಮೊದಲೇ ಕೊಲ್ಲಿಯ ನೀರಿಗೆ ಇಳಿಯಿತು. ಚಕ್ರ ಕೆಸರಿನ ಮೇಲೆ ನಿಂತಿತು, ಬಾಗಿಲು ನೀರಿನ ಮೇಲೇ ಉಳಿಯಿತು, 107 ಜನರೂ ಹೊರಬಂದರು. ಆ ವಿಮಾನವನ್ನು ಎತ್ತಿ, ರಿಪೇರಿ ಮಾಡಿ ಮತ್ತೆ ಹಾರಿಸಿದರು. ನಿಮ್ಮ ಮನಸ್ಸಿನಲ್ಲಿ ಇರುವುದು ಇಂಥ ಚಿತ್ರ ಅಂತ ಕಾಣುತ್ತದೆ. ಇದು ನಡೆಯುತ್ತದೆ. ಇದನ್ನೇ ನಂಬಿಕೊಂಡು ಹೋಗಬೇಡಿ.

1996ರ ನವೆಂಬರ್ 23ರಂದು ಕೊಮೊರೊಸ್ ದ್ವೀಪದಲ್ಲಿ ನಡೆದದ್ದನ್ನು ಕೇಳಿ. ಅಪಹರಣಕಾರರ ಕೈಗೆ ಸಿಕ್ಕಿದ್ದ ಇಥಿಯೋಪಿಯನ್ ಏರ್‌ಲೈನ್ಸ್‌ನ 767, ಇಂಧನ ಮುಗಿದು, ದಡದಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ನೀರಿಗೆ ಇಳಿಯಿತು. ಎಡ ರೆಕ್ಕೆ ಮೊದಲು ತಾಗಿ ವಿಮಾನ ಒಡೆಯಿತು. ಎದುರಿಗೇ ಹೋಟೆಲ್ ಬೀಚ್. ರಜೆಗೆ ಬಂದಿದ್ದ ಡೈವರ್‌ಗಳು, ಡಾಕ್ಟರ್‌ಗಳು ಓಡಿ ಬಂದರು. ಆದರೂ 175 ಜನರಲ್ಲಿ 125 ಜನ ಸತ್ತರು. ಎಷ್ಟೋ ಮಂದಿ ವಿಮಾನದೊಳಗೇ ಲೈಫ್ ಜಾಕೆಟ್ ಊದಿಕೊಂಡಿದ್ದರು. ನೀರು ತುಂಬಿದಾಗ ಜಾಕೆಟ್ ಅವರನ್ನು ಛಾವಣಿಗೆ ಒತ್ತಿ ಹಿಡಿಯಿತು, ಕೆಳಗೆ ಮುಳುಗಿ ಬಾಗಿಲಿಗೆ ಬರಲು ಬಿಡಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ನನ್ನ ಬೆನ್ನು ಪೆಟ್ಟಿಗೆಯ ನೆಲಕ್ಕೆ ಅಂಟಿದ್ದು ನೆನಪಾಗುತ್ತದೆ. ಎರಡೂ ಒಂದೇ ತಪ್ಪು. ಹೊರಗೆ ಮಾಡಬೇಕಾದ್ದನ್ನು ಒಳಗೆ ಮಾಡುವುದು, ಆಮೇಲೆ ಮಾಡಬೇಕಾದ್ದನ್ನು ಮೊದಲು ಮಾಡುವುದು.

ಇನ್ನು ನಿಮ್ಮ ಕೆಲಸಕ್ಕೆ ತೀರಾ ಹತ್ತಿರದ್ದು. 2009ರ ನವೆಂಬರ್ 18ರ ರಾತ್ರಿ, ಆಸ್ಟ್ರೇಲಿಯದ ಒಂದು ವೆಸ್ಟ್‌ವಿಂಡ್ ಜೆಟ್. ಏರ್ ಆಂಬುಲೆನ್ಸ್. ಸಮೋವಾದಿಂದ ರೋಗಿಯನ್ನು ಮೆಲ್ಬರ್ನ್‌ಗೆ ಕರೆದೊಯ್ಯುತ್ತಿತ್ತು, ನಡುವೆ ನಾರ್ಫೋಕ್ ದ್ವೀಪದಲ್ಲಿ ಇಂಧನ ತುಂಬಬೇಕಿತ್ತು. ಮೋಡ ಕೆಳಗಿಳಿದು ರನ್‌ವೇ ಕಾಣಲಿಲ್ಲ. ನಾಲ್ಕು ಸಲ ಪ್ರಯತ್ನಿಸಿದರು. ಬೇರೆ ಏರ್‌ಪೋರ್ಟಿಗೆ ಹೋಗುವಷ್ಟು ಇಂಧನ ಉಳಿದಿರಲಿಲ್ಲ. ಕಡಲಿಗೇ ಇಳಿಸಿದರು. ಇಬ್ಬರು ಪೈಲಟ್, ಡಾಕ್ಟರ್, ನರ್ಸ್, ರೋಗಿ, ರೋಗಿಯ ಗಂಡ, ಒಟ್ಟು ಆರು ಜನ. ಸ್ಟ್ರೆಚರಿಗೆ ಕಟ್ಟಿದ್ದ ರೋಗಿಯನ್ನೂ ಬಿಡಿಸಿ ಎಲ್ಲರೂ ಹೊರಬಂದರು. ಗಾಳಿ ತುಂಬಿ ತೇಲಿಸುವ ರಾಫ್ಟ್ ಒಳಗೇ ಉಳಿಯಿತು, ಕೆಲವರ ಮೈಮೇಲೆ ಮಾತ್ರ ಜಾಕೆಟ್ ಇತ್ತು. ಒಬ್ಬರನ್ನೊಬ್ಬರು ಹಿಡಿದುಕೊಂಡು ಸುಮಾರು ಒಂದೂವರೆ ಗಂಟೆ ತೇಲಿದರು. ಕ್ಯಾಪ್ಟನ್ ಹತ್ತಿರ ಒಂದು ಸಣ್ಣ ಟಾರ್ಚ್ ಇತ್ತು. ದಡದಲ್ಲಿದ್ದ ಏರ್‌ಪೋರ್ಟಿನ ಅಗ್ನಿಶಾಮಕ ಸಿಬ್ಬಂದಿಯೊಬ್ಬರಿಗೆ ಆ ಬೆಳಕು ಕಂಡಿತು, ಬೋಟ್ ಆ ಕಡೆ ತಿರುಗಿತು. ಆರೂ ಜನ ಬದುಕಿದರು. ವಿಮಾನ ಸಿಕ್ಕಿದ್ದು 48 ಮೀಟರ್ ಆಳದಲ್ಲಿ. ಏರ್‌ಪೋರ್ಟ್ ಹತ್ತಿರ ಅಂದ ಮಾತ್ರಕ್ಕೆ ನೀರು ಆಳ ಇರುವುದಿಲ್ಲ ಅಂತ ಯಾರು ಹೇಳಿದರು ನಿಮಗೆ? ಲಕ್ಷದ್ವೀಪದ ಅಗತ್ತಿಯಂಥ ಕಡೆ ಲಗೂನ್, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರು, ಒಂದು ಪಕ್ಕ, ಅದರ ಆಚೆಗೆ ಕಡಲು ಕಡಲೇ.

ನಾನು ಎರಡನೇ ಸಲ ತರಬೇತಿಗೆ ಹೋಗಿ ಪಾಸಾದೆ. ಈಗ ಹತ್ತು ವರ್ಷದ ಮೇಲಾಯಿತು ಹಾರಲು ಶುರು ಮಾಡಿ. 2022ರ ಜೂನ್‌ನಲ್ಲಿ ಮುಂಬೈ ಹೈನಲ್ಲಿ ಒಂಬತ್ತು ಜನರಿದ್ದ ಹೆಲಿಕಾಪ್ಟರ್ ನೀರಿಗೆ ಬಿದ್ದು ನಾಲ್ಕು ಜನ ಹೋದಾಗ ನಾನು ರಜೆಯಲ್ಲಿ ಊರಲ್ಲಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ವಾರ ಮತ್ತೆ ಹಾರಿದೆ. ಹಾಗಾಗಿ ಕೆಲಸ ಬೇಡ ಅಂತ ನಾನು ಹೇಳುವುದಿಲ್ಲ. ಸಂಬಳ, ಪಾಳಿ, ಬಡ್ತಿ, ಅದೆಲ್ಲ ನೀವೇ ನೋಡಿಕೊಳ್ಳಿ. ಆದರೆ ಕಂಪನಿಯವರನ್ನು ಕೇಳಿ: ನೀರಿನೊಳಗಿಂದ ಹೊರಬರುವ ತರಬೇತಿ ಕೊಡಿಸುತ್ತೀರಾ? ಕ್ಲಾಸಿನಲ್ಲಿ ಕೂರಿಸಿ ವಿಡಿಯೊ ತೋರಿಸುವುದಲ್ಲ, ಕೊಳದಲ್ಲಿ, ಮೂಗಿಗೆ ನೀರು ಹೋಗುವ ಹಾಗೆ. ಇಲ್ಲ ಅಂದರೆ ಆ ಕೆಲಸ ಸುಮ್ನೆ ಬಿಟ್ಟುಬಿಡಿ. ನನ್ನ ಮಾತು ಅಷ್ಟೇ ನೇರ. ಜಾಕೆಟ್ ಸೀಟಿನ ಕೆಳಗೆ ಇರುತ್ತದಾ, ಸೊಂಟಕ್ಕೆ ಕಟ್ಟಿಕೊಳ್ಳುವಂಥದ್ದನ್ನು ಕೊಡುತ್ತಾರಾ, ಅದನ್ನೂ ಕೇಳಿ. ಸೊಂಟದ್ದೇ ಬೇಕು. ಮುಂದಿನ ಬಾಗಿಲು ನೀರಿನ ಕೆಳಗೆ ಹೋದರೆ ರೆಕ್ಕೆಯ ಮೇಲಿನ ಕಿಟಕಿ ತೆಗೆಯಬೇಕಾಗುತ್ತದೆ. ಅದನ್ನು ಒಳಕ್ಕೆ ಎಳೆಯಬೇಕಾ, ಹೊರಕ್ಕೆ ತಳ್ಳಬೇಕಾ, ತೂಕ ಎಷ್ಟು, ನಿಮ್ಮ ಕೈಯಿಂದಲೇ ಒಂದು ಸಲ ತೆಗೆಸಿ ಅನ್ನಿ. ಜೇಬಿನಲ್ಲಿ ಒಂದು ನೀರು ಹೋಗದ ಟಾರ್ಚ್ ಇರಲಿ.

ಕೊನೆಯದಾಗಿ, ನನಗೆ ನಿಮ್ಮ ಬಗ್ಗೆ ನಿಜವಾಗಿ ಹೆದರಿಕೆ ಇರುವುದು ಇದೊಂದಕ್ಕೇ. ನೀವು ನರ್ಸ್. ವಿಮಾನ ನೀರಿಗೆ ತಾಗಿದ ಕೂಡಲೇ ನಿಮ್ಮ ಕೈ ಹೋಗುವುದು ರೋಗಿಯ ಬೆಲ್ಟಿಗೆ. ಅದಕ್ಕಾಗಿ ನಿಮ್ಮ ಬೆಲ್ಟನ್ನು ಬೇಗ ಬಿಚ್ಚುತ್ತೀರಿ. ನಾನು ನನ್ನ ಈಜು ನಂಬಿ ಬಿಚ್ಚಿದೆ, ನೀವು ಕರುಣೆಯಿಂದ ಬಿಚ್ಚುತ್ತೀರಿ. ವಿಮಾನ ಇನ್ನೂ ನಿಂತಿರುವುದಿಲ್ಲ, ನೀವು ಹೋಗಿ ಎದುರಿನ ಗೋಡೆಗೆ ಬಡಿಯುತ್ತೀರಿ, ಸ್ಟ್ರೆಚರ್ ಬಿಚ್ಚಲು ಯಾರೂ ಇರುವುದಿಲ್ಲ. ಆದ್ದರಿಂದ ಸೇರಿದ ಮೊದಲ ವಾರವೇ, ವಿಮಾನ ಹ್ಯಾಂಗರ್‌ನಲ್ಲಿ ನಿಂತಿರುವಾಗ, ನಿಮ್ಮ ಸೀಟಿನಲ್ಲಿ ಕುಳಿತು ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಿ. ಒಂದು ಕೈ ಹತ್ತಿರದ ಗಟ್ಟಿ ಹಿಡಿಯ ಮೇಲೆ. ಏಳರವರೆಗೆ ಎಣಿಸಿ. ನಿಮ್ಮ ಬೆಲ್ಟ್. ಆಮೇಲೆ ಸ್ಟ್ರೆಚರಿನ ಬಕಲ್‌ಗಳು, ಒಂದೊಂದಾಗಿ, ಎದೆಯದ್ದು, ಸೊಂಟದ್ದು, ಕಾಲಿನದ್ದು. ಸಹೋದ್ಯೋಗಿಯೊಬ್ಬರನ್ನು ಅದರಲ್ಲಿ ಮಲಗಿಸಿ ಮಾಡಿ. ಬೆರಳಿಗೆ ತಾನಾಗಿ ಬರುವವರೆಗೆ ಮಾಡಿ. ಅಮ್ಮನಿಗೂ ಅದರ ವಿಡಿಯೊ ತೋರಿಸಿ, ಅವರಿಗೆ ಸ್ವಲ್ಪ ಸಮಾಧಾನ ಆಗಬಹುದು.